ಕಪ್ಪು ಚೀಟಿಯ ಕೆಂಪಾಜಮ್ಮ

ಗುಜರಾತಿನಲ್ಲಿ ಭೂಮಿ ನಡುಗಿದ್ದು ಜನವರಿಯಲ್ಲಿ. ಅದರ ಬಿಸಿ ನಮ್ಮ ಮಾಳದಹಳ್ಳಿ ಆಸ್ಪತ್ರೆಗೆ ತಟ್ಟುವ ಹೊತ್ತಿಗೆ ಯುಗಾದಿ ಹತ್ತಿರ ಬಂದಿತ್ತು. ಜಿಲ್ಲೆಯ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಯೂ ಭೂಕಂಪವಾದರೆ ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂದು ಪರೀಕ್ಷೆ ಮಾಡಬೇಕೆಂದು ಮೇಲಿನವರು ತೀರ್ಮಾನಿಸಿದ್ದರು. ನನಗೆ ನಗು ಬಂತು. ನಮ್ಮ ಆಸ್ಪತ್ರೆ ಲಾರಿಯನ್ನೇ ತಾಳುತ್ತಿರಲಿಲ್ಲ. ಮರದ ದಿಮ್ಮಿ ಹೊತ್ತ ಲಾರಿ ರಸ್ತೆಯಲ್ಲಿ ಹೋದರೆ ಹೆರಿಗೆ ಕೋಣೆಯ ಸೂರಿನಿಂದ ಗಾರೆ ಉದುರುತ್ತಿತ್ತು. ಬಾಣಂತಿಯರು ಮಗುವಿನ ಮುಖದ ಮೇಲೆ ಸೆರಗು ಹಿಡಿದು ಮಲಗುತ್ತಿದ್ದರು.

ಅಂತರಸಂತೆಯಿಂದ ಕಾಡಿನ ಕಡೆಗೆ ಹೋಗುವ ಮಣ್ಣುರಸ್ತೆಯ ಕೊನೆಯಲ್ಲಿದೆ ನಮ್ಮೂರು. ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗುಲಿ, ಮುಂದೊಂದು ಹೊಂಗೆಮರ. ಡಾಕ್ಟರ್ ಸ್ವಾಮಿ ಎಂಬ ಹೊಸ ಹುಡುಗ ವೈದ್ಯ, ನಾನು ಪ್ರಮೀಳಾ, ನರ್ಸು. ಹುಟ್ಟಿದ್ದು ಹುಣಸೂರು, ಬಾಳೆಲ್ಲ ಇಲ್ಲೇ ಕಳೆಯುತ್ತಿದೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಊರವರು ಹೇಳುತ್ತಾರೆ. ಜೋರಿಲ್ಲದಿದ್ದರೆ ಈ ಆಸ್ಪತ್ರೆಗೆ ಹತ್ತಿ ಬಟ್ಟೆಯೂ ಬರುತ್ತಿರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಈ ಪರೀಕ್ಷೆಯನ್ನೂ ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಯ ಮೀಟಿಂಗಿನಿಂದ ಬಂದ ಸ್ವಾಮಿ ಡಾಕ್ಟರು ಒಂದು ಮಾತು ಹೇಳಿದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕು ತಾಲ್ಲೂಕಿನ ಸಣ್ಣ ಆಸ್ಪತ್ರೆಗಳಿಗೆಲ್ಲ ಸೇರಿ ಒಂದೇ ಒಂದು ಹೊಸ ಆಂಬುಲೆನ್ಸ್ ಬಂದಿದೆಯಂತೆ. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರಿಗೆ ಅದು ಸಿಗುವ ಸಂಭವವಿದೆಯಂತೆ. ಅಂದಿನಿಂದ ನನ್ನ ನಗು ನಿಂತಿತು.

ಯಾಕೆಂದರೆ ಹಿಂದಿನ ಮಳೆಗಾಲದಲ್ಲಿ ಕಾಳಿ ಹೋಗಿಬಿಟ್ಟಿದ್ದಳು. ಕಾಡಂಚಿನ ಬುಡಕಟ್ಟಿನವರ ಹಾಡಿಯ ನಿಂಗನ ಹೆಂಡತಿ. ಹೆರಿಗೆಗೆ ಮೊದಲೇ ರಕ್ತ ಹೋಗತೊಡಗಿತ್ತು, ಕೋಟೆಗೆ ಸಾಗಿಸಬೇಕಿತ್ತು. ಸಿಕ್ಕಿದ್ದು ಗೊಬ್ಬರ ತುಂಬಿದ್ದ ಒಂದು ಟ್ರಾಕ್ಟರ್. ಮೂಟೆಗಳನ್ನು ಇಳಿಸುತ್ತ ಕೂರುವಷ್ಟು ಹೊತ್ತಿರಲಿಲ್ಲ. ಮೂಟೆಗಳ ನಡುವೆಯೇ ಅವಳು ಮುದುರಿಕೊಂಡು ಮಲಗಿದಳು, ತಲೆ ನಿಂಗನ ತೊಡೆಯ ಮೇಲೆ, ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ. "ಕಾಲು ನೀಡ್ಬೇಕು ಕಣಮ್ಮ, ವಸಿ ಜಾಗ ಮಾಡ್ಕೊಡಿ." ಕಾಲು ಚಾಚುವಷ್ಟು ಜಾಗ ಇರಲಿಲ್ಲ. ಕೋಟೆ ಮುಟ್ಟುವ ಮೊದಲೇ ಅವಳು ಕೇಳುವುದನ್ನು ನಿಲ್ಲಿಸಿದಳು. ನನಗೆ ಆ ಗಾಡಿ ಬೇಕಾಗಿತ್ತು. ಅಷ್ಟು ಆಸೆಯಿಂದ ನಾನು ನನ್ನ ಮದುವೆಯನ್ನೂ ಬಯಸಿರಲಿಲ್ಲ.

ಪರೀಕ್ಷೆಯ ಕ್ರಮ ಹೀಗಿತ್ತು. ಭೂಕಂಪವಾಯಿತೆಂದು ಸೀಟಿ ಊದುತ್ತಾರೆ. ಇಪ್ಪತ್ತು ಮಂದಿ ಗಾಯಾಳುಗಳಂತೆ ನಟಿಸುತ್ತ ಆಸ್ಪತ್ರೆಗೆ ಬರಬೇಕು. ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಬಣ್ಣದ ಚೀಟಿ. ಕೆಂಪು ಎಂದರೆ ಪ್ರಾಣಾಪಾಯ, ಹಳದಿ ಎಂದರೆ ಸ್ವಲ್ಪ ಕಾಯಬಹುದು, ಹಸಿರು ಎಂದರೆ ನಡೆದಾಡಬಲ್ಲವರು, ಕಪ್ಪು ಎಂದರೆ ಸತ್ತವರು. ನಾವು ಯಾರನ್ನು ಮೊದಲು ನೋಡುತ್ತೇವೆ, ಎಲ್ಲಿ ಮಲಗಿಸುತ್ತೇವೆ, ಎಷ್ಟು ಬೇಗ ಮಾಡುತ್ತೇವೆ ಎಂಬುದಕ್ಕೆಲ್ಲ ಅಂಕ.

"ಸಿಸ್ಟರ್, ಇಪ್ಪತ್ತು ಜನರನ್ನ ಎಲ್ಲಿಂದ ತರೋದು?" ಎಂದರು ಸ್ವಾಮಿ ಡಾಕ್ಟರು, ಪರೀಕ್ಷೆ ಬರೆಯುವ ಹುಡುಗನಂತೆ ಉಗುರು ಕಚ್ಚುತ್ತ.

ನಾನು ಸೀದಾ ಕಂಠಪ್ಪನ ಮನೆಗೆ ಹೋದೆ. ಕಂಠಪ್ಪ ನಮ್ಮೂರಿನ ನಾಟಕದ ಮೇಷ್ಟ್ರು. ಸುಗ್ಗಿ ಮುಗಿದರೆ ಸಾಕು, ಊರ ಗಂಡಸರಿಗೆಲ್ಲ ಪಾತ್ರ ಹಂಚಿ, ಹಾರ್ಮೋನಿಯಂ ಮುಂದೆ ಕೂರಿಸಿ ಕಂದಪದ್ಯ ಕಲಿಸುತ್ತಾನೆ. ಜನ ಸೇರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅದೇ ನನ್ನ ಲೆಕ್ಕಾಚಾರ. ಅವನ ಲೆಕ್ಕಾಚಾರ ಬೇರೆ ಇರುತ್ತದೆ ಎಂದು ಆಗ ಹೊಳೆಯಲಿಲ್ಲ.

"ಭೂಕಂಪದಲ್ಲಿ ರಾಜನ್ ಪಾತ್ರ ಯಾವುದು ಸಿಸ್ಟರಮ್ಮ?" ಎಂದು ಕೇಳಿದ.

"ರಾಜ ಇಲ್ಲ, ಮಂತ್ರಿ ಇಲ್ಲ ಕಂಠಪ್ಪ. ಎಲ್ಲಾ ಗಾಯ ಆದವರೇ."

"ಅಂಗಂದ್ರೆ ಎಂಗೆ? ಮೇನ್ ಪಾತ್ರ ಅಂತ ಒಂದು ಇರಬೇಕಲ್ಲ."

ಕೆಂಪು ಚೀಟಿ ಎಂದುಬಿಟ್ಟೆ. ಸಂಜೆಯ ಹೊತ್ತಿಗೆ ಊರಿಗೆ ಊರೇ ಕೆಂಪು ಚೀಟಿಗೆ ಗಂಟುಬಿದ್ದಿತ್ತು. ಹಸಿರು ಚೀಟಿ ಎಂದರೆ ದ್ವಾರಪಾಲಕನ ಪಾತ್ರವಿದ್ದ ಹಾಗೆ, ಬಂದು ನಿಂತು ಹೋಗುವುದಕ್ಕೆ ಯಾರು ಬರುತ್ತಾರೆ ಎಂದು ಗೊಣಗಿದರು. ತೊಡೆ ಮುರಿದವನ ಪಾತ್ರ ಮಾತ್ರ ಜಗಳವಿಲ್ಲದೆ ನಂಜಯ್ಯನಿಗೆ ಹೋಯಿತು. ನಾಟಕದ ಕೊನೆಯಲ್ಲಿ ತೊಡೆ ಮುರಿಸಿಕೊಂಡು ಬೀಳುವ ರಾಜನ ಪಾತ್ರವನ್ನು ಅವನು ವರ್ಷಾನುಗಟ್ಟಲೆ ಮಾಡಿದ್ದವನು, ಅನುಭವಸ್ಥ.

ನಿಂಗನನ್ನೂ ಕೇಳಿದೆ. ಚೀಟಿ ಬೇಡ, ಸ್ಟ್ರೆಚರ್ ಹೊರುವುದಕ್ಕೆ ಬಾ ಎಂದೆ. ಅವನು ನೆಲ ನೋಡುತ್ತ ನಿಂತ.

"ಆಟಕ್ಕೆ ಹೊರಾಕಿಲ್ಲ ಕಣಮ್ಮ. ನಿಜವಾಗ್ಲೂ ಬೇಕಾದಾಗ ಕರೀರಿ, ಬತ್ತೀನಿ."

ಸ್ಟ್ರೆಚರ್ ಹೊರುವವರ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿ ಮನೆಗೆ ಬಂದೆ.

ಉಳಿದದ್ದು ಕಪ್ಪು ಚೀಟಿ. ಅದನ್ನು ಮುಟ್ಟುವವರೇ ಇಲ್ಲ. ತಮಾಷೆಗೂ ಸಾಯುವುದು ಬೇಡ ಎಂದು ಎಲ್ಲರೂ ಹಿಂದೆ ಸರಿದರು. ಹೀಗಿರುವಾಗ ಒಂದು ಬೆಳಿಗ್ಗೆ ಕೆಂಪಾಜಮ್ಮ ತಾನಾಗಿ ಬಂದು ಜಗುಲಿಯ ಮೇಲೆ ಕೂತಳು. ಗಂಡ ತೀರಿಕೊಂಡು ಒಂಟಿಯಾಗಿದ್ದ, ಆದರೆ ಊರಿಗೆಲ್ಲ ಬುದ್ಧಿ ಹೇಳುವುದರಲ್ಲಿ ಬಿಡುವಿಲ್ಲದ ಹೆಂಗಸು. ಒಬ್ಬಳೇ ಮಗಳು ಭಾಗ್ಯಳನ್ನು ರಾವಂದೂರಿಗೆ ಕೊಟ್ಟಿದ್ದಳು.

"ಆ ಸತ್ತೋರ ಚೀಟಿ ನನಗೆ ಕೊಡು ಸಿಸ್ಟರಮ್ಮ."

"ಯಾಕಜ್ಜಿ, ಹೆದರಿಕೆ ಆಗಲ್ವಾ?"

"ಚೀಟಿ ಇಲ್ದಿದ್ರೇ ಹೆದರಿಕೆ. ನೆನ್ನೆ ಬಟ್ಟೆ ಒಣಗಾಕ್ತಾ ಇದ್ದೆ, ಕಾಗೆ ಬಂದು ತಲೆಗೆ ಬಡೀತು."

ನನಗೆ ಅರ್ಥವಾಯಿತು. ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವು ಬರುತ್ತದೆಂದು ನಂಬುತ್ತಾರೆ. ಅದಕ್ಕೆ ಪರಿಹಾರವೂ ಇದೆ. ಮುಟ್ಟಿಸಿಕೊಂಡವರು ಸತ್ತೇ ಹೋದರೆಂದು ಹತ್ತಿರದ ನಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಒಂದು ಸಲ ಅತ್ತರೆ, ಬಂದ ಸಾವು ಕೆಲಸ ಮುಗಿಯಿತೆಂದು ಹೊರಟುಹೋಗುತ್ತದೆ. ಸರ್ಕಾರವೇ ಬಂದು ಕಪ್ಪು ಚೀಟಿ ಕೊಟ್ಟು ಸಾಯಿಸುತ್ತಿರುವಾಗ ಇಂಥ ಅವಕಾಶವನ್ನು ಕೆಂಪಾಜಮ್ಮ ಬಿಡುವವಳಲ್ಲ.

"ಬರೀ ಮಲಗಿದ್ರೆ ಆಗಾಕಿಲ್ಲ, ಯಾರಾದ್ರೂ ಅಳಬೇಕು," ಎಂದಳು.

"ಕಂಠಪ್ಪ ಇಬ್ಬರು ಹೆಂಗಸರನ್ನ ಒಪ್ಪಿಸಿದ್ದಾನೆ."

"ಅವರು ಅಳೋದು ಪಾತ್ರಕ್ಕೆ. ನನಗೋಸ್ಕರ ಅಳೋರು ಯಾರು?" ಎಂದು ಮೂಗು ಮುರಿದಳು. ಆದರೂ ಚೀಟಿ ಕೇಳಿ ಪಡೆದು, ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಸಮಸ್ಯೆ ಮುಗಿಯಿತೆಂದುಕೊಂಡೆ. ಪರೀಕ್ಷೆಯ ದಿನ ಮೊದಲ ಬಸ್ಸಿನ ಕಂಡಕ್ಟರನ ಕೈಲಿ ಅವಳು ರಾವಂದೂರಿಗೆ ತನ್ನ ಸಾವಿನ ಸುದ್ದಿ ಕಳಿಸಿದ್ದು ನನಗೆ ಗೊತ್ತಿರಲಿಲ್ಲ.

ಆ ದಿನ ಪರೀಕ್ಷೆ ನಡೆಸಲು ಮೈಸೂರಿನಿಂದ ಜೀಪಿನಲ್ಲಿ ಡಾಕ್ಟರ್ ಶಾಂತಲಾ ಬಂದರು. ತೆಳ್ಳನೆಯ ಹೆಂಗಸು, ಕೊರಳಲ್ಲಿ ಸೀಟಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಆಸ್ಪತ್ರೆಯ ಗೋಡೆ ತಟ್ಟಿ ನೋಡಿದರು. ಒಂದಿಷ್ಟು ಗಾರೆ ಉದುರಿ ಅವರ ಕೈಗಡಿಯಾರದ ಮೇಲೆ ಬಿತ್ತು. ಒರೆಸಿಕೊಂಡು, ಬರೆದುಕೊಂಡರು. ಆಮೇಲೆ ಹೊಂಗೆಮರದ ಕೆಳಗೆ ಜಮಖಾನ ಹಾಸಿ ಕೂತಿದ್ದ ಕಂಠಪ್ಪನ ಕಡೆ ನೋಡಿದರು.

"ಆ ಹಾರ್ಮೋನಿಯಂ ಯಾಕೆ?"

"ಭೂಮಿ ನಡುಗೋ ಸದ್ದಿಗೆ ತಬಲ ಮೇಡಂ," ಎಂದ ಕಂಠಪ್ಪ ವಿನಯದಿಂದ. "ಹಾರ್ಮೋನಿಯಂ ಸುರುತಿಗೆ."

ಅವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಸೀಟಿ ಊದಿದರು.

ಮೊದಲು ಬಂದವನು ನಂಜಯ್ಯ. ಇಬ್ಬರ ಹೆಗಲಿಗೆ ಜೋತುಬಿದ್ದು, ಪಂಚೆಗೆಲ್ಲ ಕುಂಕುಮದ ನೀರು ಸುರಿದುಕೊಂಡು, ಅಂಗಳದ ನಡುಮಧ್ಯೆ ಕುಸಿದ. ನಾನೂ ಡಾಕ್ಟರೂ ಸ್ಟ್ರೆಚರ್ ಹಿಡಿದು ಓಡಿದೆವು. ಅವನು ಕೈ ಅಡ್ಡ ಹಿಡಿದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಭೂಮಿತಾಯಿಯನ್ನು ಬಯ್ಯುವ ಒಂದು ಹಾಡು ತೆಗೆದ. ಹಾರ್ಮೋನಿಯಂ ಹಿಂದೆಯೇ ಹೊರಟಿತು. ಹಾಡು ನಿಜಕ್ಕೂ ಚೆನ್ನಾಗಿತ್ತು, ಅದೇ ಕಷ್ಟವಾಯಿತು. ನೋಡಲು ಸೇರಿದ್ದ ಜನ ಒನ್ಸ್ ಮೋರ್ ಎಂದು ಕೂಗಿದರು. ಅವನು ಮೊದಲಿನಿಂದ ಶುರುಮಾಡಿದ.

"ಕೆಂಪು ಚೀಟಿಯ ರೋಗಿ ಇನ್ನೂ ಅಂಗಳದಲ್ಲೇ ಇದ್ದಾರೆ," ಎಂದರು ಶಾಂತಲಾ ಮೇಡಂ, ಬರೆಯುತ್ತ.

"ನಂಜಯ್ಯ, ಬಾಯಿ ಮುಚ್ಕೊಂಡು ಮಲಗು," ಎಂದು ನಾನು ಹಲ್ಲು ಕಚ್ಚಿ ಹೇಳಿದೆ.

"ಪಲ್ಲವಿ ಮುಗೀಲಿ ಬುಡಿ ಸಿಸ್ಟರಮ್ಮ."

ಅಷ್ಟರಲ್ಲಿ ಹಳದಿ ಚೀಟಿಯ ಸಣ್ಣತಾಯಮ್ಮ, ನಂಜಯ್ಯನಿಗೆ ಸಿಕ್ಕ ಮರ್ಯಾದೆ ನೋಡಿ ಹೊಟ್ಟೆ ಉರಿದು, ತನಗೂ ಉಸಿರು ಹತ್ತುತ್ತಿಲ್ಲವೆಂದು ಹೊರಳಾಡತೊಡಗಿದಳು. ಹಸಿರು ಚೀಟಿಯವರು ತಮ್ಮನ್ನು ಯಾರೂ ಕೇಳುತ್ತಿಲ್ಲವೆಂದು ಮುನಿಸಿಕೊಂಡು ಟೀ ಅಂಗಡಿಗೆ ಹೋದರು. ಸ್ವಾಮಿ ಡಾಕ್ಟರು ಗಾಬರಿಯಲ್ಲಿ ತಲೆಗೆ ಕಟ್ಟಬೇಕಾದ ಬ್ಯಾಂಡೇಜನ್ನು ಮೊಣಕಾಲಿಗೆ ಕಟ್ಟಿದರು. ಹೊಸ ಆಂಬುಲೆನ್ಸು ನನ್ನ ಕಣ್ಣೆದುರೇ ಕೆ.ಆರ್. ನಗರದ ಕಡೆ ಹೊರಟುಹೋಗುತ್ತಿತ್ತು.

ಇಡೀ ಅಂಗಳದಲ್ಲಿ ನಿಯಮ ಪಾಲಿಸುತ್ತಿದ್ದವಳು ಕೆಂಪಾಜಮ್ಮ ಒಬ್ಬಳೇ. ಗೋಡೆಯ ಪಕ್ಕ ಚಾಪೆಯ ಮೇಲೆ ಕೈಕಾಲು ನೀಟಾಗಿ ಜೋಡಿಸಿ, ಎದೆಯ ಮೇಲೆ ಕಪ್ಪು ಚೀಟಿ ಇಟ್ಟುಕೊಂಡು, ಮೂಗಿನ ಮೇಲೆ ನೊಣ ಕೂತರೂ ಅಲುಗದೆ ಸತ್ತಿದ್ದಳು. ಕೊನೆಯ ಸೀಟಿಯವರೆಗೆ ಸತ್ತವರು ಏಳಬಾರದು, ಮಾತಾಡಬಾರದು ಎಂದು ಮೇಡಂ ಎಚ್ಚರಿಸಿದ್ದರು.

ಆಗ ರಾವಂದೂರಿನ ಟೆಂಪೊ ಬಂತು.

ಅದರಿಂದ ಮೊದಲು ಇಳಿದವಳು ಭಾಗ್ಯ. ತುಂಬಿದ ಬಸುರಿ, ಎಂಟು ತಿಂಗಳಾಗಿತ್ತು. ಹಿಂದೆ ಅತ್ತೆಮನೆಯ ಹದಿನೈದು ಜನ, ಒಬ್ಬರ ಕೈಲಿ ಹೂವಿನ ಹಾರ. ತಾಯಿ ಚಾಪೆಯ ಮೇಲೆ ಮಲಗಿದ್ದನ್ನು ಕಂಡದ್ದೇ ಅವಳು "ಅವ್ವೋ" ಎಂದು ತೆಗೆದ ಧ್ವನಿಗೆ ನಂಜಯ್ಯನ ಹಾಡು ನಿಂತಿತು. ಕಂಠಪ್ಪ ಹಾರ್ಮೋನಿಯಂ ಮೇಲಿಂದ ಕೈ ತೆಗೆದ.

"ಇದು ನಾನು ಕಲ್ಸಿದ್ದಲ್ಲ ಕಣ್ರೀ," ಎಂದ ಪಕ್ಕದವನಿಗೆ.

ಶಾಂತಲಾ ಮೇಡಂ ಮುಖದಲ್ಲಿ ಮೊದಲ ಬಾರಿಗೆ ಬೆಳಕು ಕಂಡಿತು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಸಿಸ್ಟರ್, ಬಂಧುಗಳನ್ನೂ ಏರ್ಪಾಡು ಮಾಡಿದ್ದೀರಾ? ನಿಜವಾಗಿ ಅನಾಹುತ ಆದಾಗ ಆಸ್ಪತ್ರೆಗೆ ಮೊದಲು ನುಗ್ಗೋದು ಇವರೇ. ಇಷ್ಟು ಕಡೆ ಹೋದೆ, ಒಬ್ಬರೂ ಇದನ್ನ ಯೋಚನೆ ಮಾಡಿರಲಿಲ್ಲ. ಹೇಗೆ ಸಂಭಾಳಿಸ್ತೀರಿ, ತೋರಿಸಿ."

ನಾನು ಕೆಂಪಾಜಮ್ಮನ ಕಡೆ ನೋಡಿದೆ. ಅವಳು ಒಂದು ಕಣ್ಣು ತುಸುವೇ ತೆರೆದು, ಅಳುತ್ತಿರುವ ಮಗಳನ್ನು ನೋಡಿ, ಬಹಳ ತೃಪ್ತಿಯಿಂದ ಮತ್ತೆ ಮುಚ್ಚಿದಳು. ಎಲ್ಲವೂ ತಿಳಿಯಿತು. ಮುದುಕಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವಳ ಸಾವನ್ನು ಅಲ್ಲೇ ನಿಜ ಮಾಡಿಬಿಡೋಣ ಎನ್ನಿಸಿತು. ಆದರೆ ಆಂಬುಲೆನ್ಸು ಕೆ.ಆರ್. ನಗರದ ದಾರಿಯಲ್ಲಿ ನಿಂತು ಹಿಂದಿರುಗಿ ನೋಡುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ನಡೆದರೆ ಸಾಕಿತ್ತು.

ಭಾಗ್ಯಳ ಹೆಗಲು ಹಿಡಿದು ಪಕ್ಕಕ್ಕೆ ಕರೆದೆ. ಕಿವಿಯಲ್ಲಿ ಹೇಳಿದೆ. "ನಿಮ್ಮವ್ವ ಸತ್ತಿಲ್ಲ ಕಣೆ. ಸುಮ್ನೆ ಮಲಗಿದ್ದಾಳೆ."

"ಎಲ್ಲಾರೂ ಅಂಗೇ ಅಂತಾರೆ ಸಿಸ್ಟರಮ್ಮ," ಎಂದು ಅವಳು ಇನ್ನೂ ಜೋರಾಗಿ ಅತ್ತಳು. "ಮಲಗಿದಂಗೇ ಅವ್ಳೆ, ನೋಡಿ."

ಅಳು ಥಟ್ಟನೆ ನಿಂತಿತು. ಅವಳು ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಕೆಳಗೆ ನೋಡಿದರೆ ಸೀರೆ ತೊಯ್ದಿತ್ತು, ಕಾಲ ಬುಡದ ಮಣ್ಣು ಒದ್ದೆಯಾಗಿತ್ತು. ತಿಂಗಳು ತುಂಬುವ ಮೊದಲೇ ನೀರು ಒಡೆದಿತ್ತು.

"ಡಾಕ್ಟರೇ, ಇಲ್ಲಿ ಬನ್ನಿ," ಎಂದು ನಾನು ಕೂಗಿದ್ದು ಅಂತರಸಂತೆಗೆ ಕೇಳಿರಬೇಕು. ಕೆಂಪಾಜಮ್ಮನಿಗಂತೂ ಕೇಳಿತು. ಕಣ್ಣು ಬಿಟ್ಟಳು, ಮಗಳ ಮುಖ ಕಂಡಳು, ಚಾಪೆಯಿಂದ ಎದ್ದು ಕೂತಳು. ಕಪ್ಪು ಚೀಟಿ ಕೊರಳಲ್ಲಿ ತೂಗುತ್ತಿತ್ತು.

ರಾವಂದೂರಿನವರು ಹೆಣ ಎದ್ದು ಕೂತದ್ದನ್ನು ನೋಡಿದರು. ಹಾರ ಹಿಡಿದಿದ್ದವನು ಹಾರ ಬಿಸಾಡಿ ಓಡಿದ. ಅವನ ಹಿಂದೆ ಎಲ್ಲರೂ ಓಡಿ ಟೆಂಪೊ ಹತ್ತಿದರು. ಡ್ರೈವರು ಆಗಲೇ ಗಾಡಿ ಚಾಲೂ ಮಾಡಿದ್ದ. ಹೊರಟ ಗಾಡಿಯಿಂದ ಭಾಗ್ಯಳ ಗಂಡ ಒಬ್ಬ ಮಾತ್ರ ಹಾರಿ ಇಳಿದ. ಅದಕ್ಕೆ ಅವನನ್ನು ನಾನು ಈಗಲೂ ಮೆಚ್ಚುತ್ತೇನೆ. ಇದೆಲ್ಲ ಯಾಕೆಂದು ಗೊತ್ತಿಲ್ಲದ ನಮ್ಮೂರವರೂ ಓಡಿದರು. ಎಲ್ಲರಿಗಿಂತ ಮುಂದೆ, ಮುರಿದ ತೊಡೆಯ ನಂಜಯ್ಯ.

"ಸಿಸ್ಟರ್, ಕಪ್ಪು ಚೀಟಿಯವರು ಎದ್ದು ಓಡಾಡ್ತಿದ್ದಾರೆ," ಎಂದರು ಶಾಂತಲಾ ಮೇಡಂ ಗಡಸಾಗಿ. "ಸೀಟಿ ಇನ್ನೂ ಊದಿಲ್ಲ. ಈಗ ನಿಲ್ಲಿಸಿದರೆ ಸೊನ್ನೆ."

"ಕೊಡಿ ಮೇಡಂ, ಸೊನ್ನೆನೇ ಕೊಡಿ," ಎಂದೆ. ಬಾಯಿಗೆ ಬಂದದ್ದು ಅಷ್ಟೇ. "ಇದು ಆಟ ಅಲ್ಲ. ನಿಮ್ಮ ಜೀಪು ಕೊಡಿ."

ಅವರು ಭಾಗ್ಯಳ ಪಕ್ಕ ಮಂಡಿಯೂರಿ ಹೊಟ್ಟೆ ಮುಟ್ಟಿ ನೋಡಿದರು. ಆ ಗಳಿಗೆಯಲ್ಲಿ ಅವರೊಳಗಿನ ಪರೀಕ್ಷಕಿ ಹೋಗಿ ಡಾಕ್ಟರು ಬಂದರು. "ಮಗುವಿನ ಕಾಲು ಕೆಳಗಿದೆ, ಇಲ್ಲಿ ಆಗಲ್ಲ. ಕೋಟೆಗೆ ನಡೀರಿ," ಎಂದು ಸೀಟಿ ಕಿತ್ತು ಪರ್ಸಿಗೆ ಹಾಕಿಕೊಂಡರು.

ಸ್ಟ್ರೆಚರಿನ ಒಂದು ತುದಿಯನ್ನು ಸ್ವಾಮಿ ಡಾಕ್ಟರು ಹಿಡಿದರು. ಇನ್ನೊಂದು ತುದಿಗೆ ಯಾರೂ ಉಳಿದಿರಲಿಲ್ಲ. ಹೊಂಗೆಮರದ ಹಿಂದಿನಿಂದ ನಿಂಗ ಬಂದ. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದನೋ ಏನೋ. ಬಗ್ಗಿ ಆ ತುದಿ ಹೊತ್ತ.

ಜೀಪಿನ ಹಿಂದುಗಡೆ ಎದುರುಬದುರು ಎರಡು ಸೀಟು. ಮಲಗಿಸಲು ಜಾಗವಿಲ್ಲ. ಭಾಗ್ಯಳನ್ನು ಅಡ್ಡಡ್ಡಲಾಗಿ ಮುದುರಿಸಿ, ತಲೆಯನ್ನು ಸತ್ತ ತಾಯಿಯ ತೊಡೆಯ ಮೇಲೆ, ಕಾಲನ್ನು ಶಾಂತಲಾ ಮೇಡಂ ತೊಡೆಯ ಮೇಲೆ ಇಟ್ಟೆವು. ನಾನು ನಡುವೆ ಕೆಳಗೆ ಕೂತೆ. ಗಂಡ ಡ್ರೈವರ್ ಪಕ್ಕ ಕೂತು ಎಲ್ಲ ದೇವರಿಗೂ ಹರಕೆ ಹೊರುತ್ತಿದ್ದ.

"ನೀನು ಸತ್ತೋಗಿದ್ಯಲ್ಲವ್ವ," ಎಂದಳು ಭಾಗ್ಯ, ನೋವು ಒಂಚೂರು ಬಿಟ್ಟಾಗ.

"ಸತ್ತಿದ್ದೆ ಕಣ್ ಮಗಾ. ನಿನಗೆ ನೋವು ಬಂತು ಅಂತ ಎದ್ದೆ."

"ಕಾಗೆ ಮುಟ್ತು ಅಂತ ಸುದ್ದಿ ಕಳಿಸಿದ್ಯಾ?"

"ಚೆನ್ನಾಗಿ ಅತ್ತೆ ಬುಡು. ದೋಸ ಎಲ್ಲಾ ಓಯ್ತು."

ಭಾಗ್ಯ ತಾಯಿಯ ಕೈಗೆ ಪಟಪಟನೆ ಬಡಿದಳು. ಮತ್ತೆ ನೋವು ಬಂದಾಗ ಅದೇ ಕೈಯನ್ನು ಗಟ್ಟಿಯಾಗಿ ಹಿಡಿದಳು. ಶಾಂತಲಾ ಮೇಡಂ ಕಿಟಕಿಯ ಕಡೆ ತಿರುಗಿ ನಗು ತಡೆದುಕೊಂಡದ್ದು ನನಗೆ ಕಂಡಿತು.

ಗುಂಡಿಗಳ ಮೇಲೆ ಜೀಪು ಕುಣಿಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಭಾಗ್ಯ ಬೆವರಿ, ತುಟಿ ಕಚ್ಚಿ, ಸಣ್ಣಗೆ ಹೇಳಿದಳು. "ಕಾಲು ನೀಡ್ಬೇಕು ಸಿಸ್ಟರಮ್ಮ. ಒಂಚೂರು ಜಾಗ ಮಾಡಿ."

ಅವಳ ಬೆವರು ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಶಾಂತಲಾ ಮೇಡಂ ಅದನ್ನು ನೋಡಿದರು.

"ಏನಾಯ್ತು ಸಿಸ್ಟರ್?"

"ಕಾಳಿನೂ ಇದನ್ನೇ ಕೇಳಿದ್ದಳು ಮೇಡಂ."

ಕಾಳಿ ಯಾರೆಂದು ಕೇಳಿದರು. ಹೇಳಿದೆ. ಟ್ರಾಕ್ಟರು, ಗೊಬ್ಬರದ ಮೂಟೆ, ನಿಂಗನ ತೊಡೆ, ಎಲ್ಲವನ್ನೂ. ಅವರು ಎದ್ದು, ಬಗ್ಗಿದ ತಲೆ ಜೀಪಿನ ಸೂರಿಗೆ ಬಡಿಯುತ್ತಿದ್ದರೂ ಕಂಬಿ ಹಿಡಿದು ನಿಂತರು. ತಾವು ಕೂತಿದ್ದ ಜಾಗಕ್ಕೆ ಭಾಗ್ಯಳ ಕಾಲನ್ನು ಆದಷ್ಟು ಚಾಚಿಸಿದರು. ಕೋಟೆಯವರೆಗೂ ಹಾಗೆಯೇ ಬಂದರು.

ಹೆಣ್ಣು ಮಗು. ಸಣ್ಣದು, ಆದರೆ ಗಟ್ಟಿ. ಅದು ಅತ್ತ ಜೋರಿಗೆ ಕೆಂಪಾಜಮ್ಮ, ಇದು ನನ್ನ ಸಾವಿಗೇ ಅಳ್ತಾ ಇರೋದು ಎಂದು ಲೆಕ್ಕಕ್ಕೆ ಸೇರಿಸಿಕೊಂಡಳು. ರಾವಂದೂರಿನವರು ಮೂರು ದಿನ ಬಿಟ್ಟು, ಮುಟ್ಟಿ ನೋಡಿ ಖಚಿತಪಡಿಸಿಕೊಂಡ ಮೇಲೆ ಅವಳ ಕೈಯಿಂದ ನೀರು ಕುಡಿದರು.

ಪರೀಕ್ಷೆಯಲ್ಲಿ ನಾಲ್ಕು ತಾಲ್ಲೂಕಿಗೆ ನಾವೇ ಕೊನೆ. ಶಾಂತಲಾ ಮೇಡಂ ಒಂದು ಅಂಕವನ್ನೂ ದಯೆಗೆ ಹಾಕಲಿಲ್ಲ. ನಾನು ಗಾಡಿಯ ಆಸೆ ಬಿಟ್ಟೆ. ನಂಜಯ್ಯನ ಜೊತೆ ಮಾತು ಬಿಟ್ಟೆ. ಕಂಠಪ್ಪ ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದ.

ಶ್ರಾವಣ ಹುಟ್ಟುವ ಹೊತ್ತಿಗೆ ಮೈಸೂರಿನ ಮೀಟಿಂಗಿನಿಂದ ಬಂದ ಸ್ವಾಮಿ ಡಾಕ್ಟರು ಜಗುಲಿಯ ಮೇಲೆ ಕೂತರು. ಗಾಡಿ ನಮಗೇ ಕೊಟ್ಟಿದ್ದಾರೆ ಎಂದರು. ನಾನು ನಂಬಲಿಲ್ಲ. ಕೊನೆಗೆ ಬಂದವರಿಗೆ ಯಾಕೆ ಎಂದು ಮೀಟಿಂಗಿನಲ್ಲಿ ಯಾರೋ ಆಕ್ಷೇಪ ತೆಗೆದರಂತೆ. ಶಾಂತಲಾ ಮೇಡಂ ಎದ್ದು ನಿಂತು, "ಮೊದಲು ಬಂದ ಆಸ್ಪತ್ರೆಯ ಎದುರಿಗೇ ಬಸ್‌ಸ್ಟ್ಯಾಂಡ್ ಇದೆ. ಮಾಳದಹಳ್ಳಿಯಲ್ಲಿ ಭೂಕಂಪ ಆಗೋದೇ ಬೇಡ, ಒಂದು ಹೆರಿಗೆ ಆದರೆ ಸಾಕು. ಆ ರಸ್ತೆಯಲ್ಲಿ ನಾನು ಬಸುರಿಯ ಜೊತೆ ಬಂದಿದ್ದೇನೆ, ಬೇಕಾದವರು ಹೋಗಿ ಬನ್ನಿ," ಎಂದರಂತೆ. ಯಾರೂ ಹೋಗಿಬರಲು ಮುಂದಾಗಲಿಲ್ಲವಂತೆ. ನಾನು ಒಳಗೆ ಹೋಗಿ ಹೆರಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಗಾಡಿ ಬಂದ ದಿನ ಕಂಠಪ್ಪ ಹಾರ್ಮೋನಿಯಂ ಸಮೇತ ಹಾಜರಾದ. ಇದೆಲ್ಲ ನಾಟಕದ ಪ್ರಭಾವ ಎಂದು ಅವನ ವಾದ. ನಂಜಯ್ಯ ಕಾಯಿ ಒಡೆದ. ಕೆಂಪಾಜಮ್ಮ ಮೊಮ್ಮಗಳನ್ನು ಎತ್ತಿಕೊಂಡು, ಮುಂದಿನ ವರ್ಷವೂ ಕಪ್ಪು ಚೀಟಿ ತನಗೇ ಎಂದು ಈಗಲೇ ಹೇಳಿಟ್ಟಳು.

ಎಲ್ಲರೂ ಹೋದ ಮೇಲೆ ನಿಂಗ ಬಂದ. ಗಾಡಿಯ ಸುತ್ತ ಒಂದು ಸಲ ನಡೆದ. ಹಿಂದಿನ ಬಾಗಿಲು ತೆರೆಯಲೇ ಎಂದು ಕಣ್ಣಿನಲ್ಲೇ ಕೇಳಿದ. ತೆಗೆ ಎಂದೆ. ಒಳಗೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮಂಚ. ಅವನು ತಲೆಯಿಡುವ ಕಡೆ ಕೈಯಿಟ್ಟ. ಅಲ್ಲಿಂದ ಮೆಲ್ಲಗೆ ಕೈಯಾಡಿಸುತ್ತ ಕಾಲಿನ ತುದಿಯವರೆಗೂ ಬಂದ.

"ಕಾಲು ನೀಡ್ಕೊಂಡು ಮಲಗಬೌದು ಕಣಮ್ಮ," ಎಂದ.

"ಹೂಂ ನಿಂಗ, ಮಲಗಬಹುದು."

ಬಾಗಿಲು ಹಾಕಿದ. ಸರಿಯಾಗಿ ಬಿದ್ದಿರಲಿಲ್ಲ, ಮತ್ತೆ ತೆಗೆದು ಮತ್ತೆ ಹಾಕಿದ. ಆಮೇಲೆ ಹಾಡಿಯ ಕಡೆ ಹೊರಟ.